ಕುಳ್ಳ ಲೈಟ್‌ಹೌಸ್

ಮುಂಬೈಗೆ ಹತ್ತಿರದ ಕಡಲೂರು ಅಲಿಬಾಗ್‌ಗೆ ಹೋಗುವ ದಿನವನ್ನು ನಾವು ಗೊತ್ತುಮಾಡಿದ್ದು ಪಂಚಾಂಗ ನೋಡಿ. ಶುಭ ಮುಹೂರ್ತಕ್ಕಲ್ಲ, ಸಮುದ್ರ ಎಷ್ಟು ಹೊತ್ತಿಗೆ ಹಿಂದೆ ಸರಿಯುತ್ತದೆ ಅಂತ ತಿಳಿಯಲಿಕ್ಕೆ.

ಈ ಲೆಕ್ಕ ಹೇಳಿಕೊಟ್ಟವರು ಮುಂಬೈಯ ಮುಲುಂಡ್‌ನ ನಮ್ಮ ಬಿಲ್ಡಿಂಗಿನ ಕೆಳಗಿನ ಮನೆಯ ಮರಾಠಿ ಆಜಿ. ತಿಥಿಯ ಸಂಖ್ಯೆಯನ್ನು ಮುಕ್ಕಾಲಿನಿಂದ ಗುಣಿಸಬೇಕು. ಬಂದದ್ದು ಪೂರ್ತಿ ಭರತಿಯ ಹೊತ್ತು. ಪಂಚಮಿ ಅಂದರೆ ಐದು, ಅದರ ಮುಕ್ಕಾಲು ಮೂರೂ ಮುಕ್ಕಾಲು, ಹಾಗಾಗಿ ನಸುಕಿನ ಮೂರೂ ಮುಕ್ಕಾಲಿಗೆ ಮತ್ತೆ ಮಧ್ಯಾಹ್ನ ಸುಮಾರು ನಾಲ್ಕಕ್ಕೆ ನೀರು ತುಂಬಿರುತ್ತದೆ, ನಡುವೆ ಬೆಳಿಗ್ಗೆ ಹತ್ತರ ಹೊತ್ತಿಗೆ ಓಹೋಟಿ. ನಮ್ಮ ಊರಿನ ಮಾತಲ್ಲಿ ಇಳಿತ. ಒಂದು ಭರತಿಯಿಂದ ಇನ್ನೊಂದಕ್ಕೆ 12 ಗಂಟೆ 25 ನಿಮಿಷ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡ. ನನ್ನ ಗಂಡ ಇಂಜಿನಿಯರ್, ಅವರಿಗೆ ಆಜಿಯ ಮಾತಿನಲ್ಲಿ ನಂಬಿಕೆ ಬರಲಿಲ್ಲ. ಫೋನಿನಲ್ಲಿ ಭರತ-ಇಳಿತದ ಪಟ್ಟಿ ತೆಗೆದು ನೋಡಿದರು. ಸುಮಾರು ಕಾಲು ಗಂಟೆಯ ಫರಕು. "ಅಡ್ಡಿಯಿಲ್ಲ ಬಿಡು" ಅಂದರು. ಗದಗಿನವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಹಾಗೆ ಫೆಬ್ರವರಿಯ ಒಂದು ಭಾನುವಾರ, ಬಹುಳ ಪಂಚಮಿ. ಹಿಂದಿನ ದಿನ ಸಂಕಷ್ಟಿ, ಅಮ್ಮನದು ಉಪವಾಸ. ಚಂದ್ರ ಬರುವ ತನಕ ಕಾದು, ರಾತ್ರಿ ಒಂಬತ್ತು ದಾಟಿದ ಮೇಲೆ ಉಂಡು, ಬೆಳಿಗ್ಗೆ ನಾಲ್ಕಕ್ಕೇ ಎದ್ದು ಇಡ್ಲಿ ಬೇಯಿಸಿ ಕೂತಿದ್ದಳು. ಎಪ್ಪತ್ತರ ಹೆಂಗಸಿಗೆ ಈ ಶಕ್ತಿ ಎಲ್ಲಿಂದ ಬರುತ್ತದೋ. ನಾವು ನಾಲ್ಕು ಜನ ಅವಳ ಮುಂದೆ ಜೋಲು ಮುಖ ಹಾಕಿಕೊಂಡು ಕಾರು ಹತ್ತಿದೆವು.

ಇದಕ್ಕೆಲ್ಲ ಕಾರಣ ಮಗಳ ಒಂದು ಚಿತ್ರ. ಅವಳಿಗೆ ಏಳು ವರ್ಷ. ಶಾಲೆಯಲ್ಲಿ ಲೈಟ್‌ಹೌಸ್ ಬರೆಯಲು ಹೇಳಿದ್ದರಂತೆ, ಪುಸ್ತಕ ನೋಡಿ ಬರೆದಿದ್ದಾಳೆ: ಕೆಂಪು ಬಿಳಿ ಪಟ್ಟೆಯ ಉದ್ದ ಕಂಬ, ತುದಿಯಲ್ಲಿ ಹಳದಿ ಕಿರಣ. "ಅಮ್ಮಾ, ನೀನು ನಿಜವಾದದ್ದು ನೋಡಿದ್ದೀಯಾ?" ಅಂತ ಕೇಳಿದಳು. ನನಗೆ ನಗು ಬಂತು. ನಾನು ಬೆಳೆದದ್ದೇ ಕಾಪು ಲೈಟ್‌ಹೌಸಿನ ಪಕ್ಕದಲ್ಲಿ! 1901ರಲ್ಲಿ ಬಂಡೆಯ ಮೇಲೆ ಕಟ್ಟಿದ್ದು, ಸುಮಾರು 27 ಮೀಟರ್ ಎತ್ತರ. ನಮ್ಮ ಜಗಲಿಯಲ್ಲಿ ಕೂತರೆ ತೆಂಗಿನಮರಗಳ ಸಂದಿಯಲ್ಲಿ ಬೆಳಕು ಬಂದು ಹೋಗುವುದು ಕಾಣುತ್ತಿತ್ತು. ಕರೆಂಟು ಹೋದ ರಾತ್ರಿ ನಾವು ಮಕ್ಕಳೆಲ್ಲ ಅದನ್ನೇ ಎಣಿಸುತ್ತಿದ್ದೆವು. ಇದನ್ನೆಲ್ಲ ಹೇಳಿದ ಮೇಲೆ ಹೊಳೆಯಿತು, ಮಕ್ಕಳಾದ ಮೇಲೆ ನಾವು ಕಾಪು ಬೀಚಿಗೆ ಹೋದದ್ದು ಒಂದೇ ಸಲ, ಅದೂ ಮಗ ಹುಟ್ಟುವ ಮೊದಲು, ಮಗಳು ನಡೆಯುವ ಮೊದಲು. ಆಮೇಲೆ ಊರಿಗೆ ಹೋದಾಗಲೆಲ್ಲ ಮಳೆಗಾಲ, ಇಲ್ಲವೇ ಯಾರದೋ ಮದುವೆ.

ಮುಂಬೈಯಲ್ಲೇ ಲೈಟ್‌ಹೌಸ್ ಇಲ್ಲವೇ? ಇದೆ. ಕೊಲಾಬಾದ ತುದಿಯಾಚೆ ಬಂಡೆಸಾಲಿನ ಮೇಲೆ 1875ರ ಪ್ರಾಂಗ್ಸ್ ಲೈಟ್‌ಹೌಸ್ ಇದೆ. ಆದರೆ ಅದರ ದಾರಿ ನೌಕಾಪಡೆಯ ಜಾಗದಲ್ಲಿ, ಮಕ್ಕಳನ್ನು ಕಟ್ಟಿಕೊಂಡು ಸುಮ್ನೆ ಹೋಗಿ ನಿಲ್ಲುವ ಹಾಗಿಲ್ಲ. ಒಳಗೆ ಹೋಗಿ ನೋಡಬೇಕೆಂದರೆ ಕೊರ್ಲಾಯಿಗೆ ಹೋಗಿ ಅಂತ ಯಾರೋ ಹೇಳಿದರು. ಅಲಿಬಾಗ್ ದಾಟಿ, ರೇವದಂಡಾ ದಾಟಿ, ಕುಂಡಲಿಕಾ ಹೊಳೆಯ ಸೇತುವೆ ಆಚೆ. ದಾರಿಯಲ್ಲಿ ಸಮುದ್ರದ ನಡುವಿನ ಕುಲಾಬಾ ಕೋಟೆ, ನೀರು ಇಳಿದಾಗ ನಡೆದೇ ಹೋಗಬಹುದು. ಒಂದೇ ದಿನಕ್ಕೆ ಸಾಕು ಅನ್ನಿಸಿತು. ಸಣ್ಣ ಮಕ್ಕಳಿರುವಾಗ ಎರಡು ಜಾಗ ಅಂದರೆ ಜಾಸ್ತಿಯೇ. ಕಾಶಿದ್ ಬೀಚಿಗೂ ಹೋಗಿ ಬನ್ನಿ ಅಂತ ಹತ್ತು ಜನ ಹೇಳಿದರು, ನಾನು ಹತ್ತು ಜನಕ್ಕೂ ತಲೆಯಾಡಿಸಿದೆ, ಹೋಗಲಿಲ್ಲ.

ಮುಂಬೈಯಿಂದ ಅಲಿಬಾಗ್‌ಗೆ ರಸ್ತೆಯಲ್ಲಿ ಪೆಣ್ ಮೇಲೆ ಹೋಗಬಹುದು. ಆದರೆ ಮಕ್ಕಳಿಗೆ ಹಡಗೇ ಆಗಬೇಕು. ಭಾವುಚಾ ಧಕ್ಕಾದಿಂದ ಮಾಂಡವಾಕ್ಕೆ 2020ರಿಂದ ಕಾರನ್ನೂ ಹೊತ್ತುಕೊಂಡು ಹೋಗುವ ರೋ-ರೋ ಬೋಟಿದೆ, ಒಂದು ಗಂಟೆಯ ದಾರಿ. ಧಕ್ಕೆಗೆ ಕಾಲಿಟ್ಟಾಗ ಬಗಲಲ್ಲೇ ಮೀನಿನ ಬೋಟುಗಳು ಇಳಿಸುವ ಗಲಾಟೆ, ಐಸು, ಬುಟ್ಟಿ, ಬೈಗುಳ. ಮಗಳು ಮೂಗು ಮುಚ್ಚಿದಳು. ಅಮ್ಮ ಕಾರಿನ ಗಾಜು ಇಳಿಸಿ, ಹೊರಗೆ ಮುಖ ಹಾಕಿ, "ಮಲ್ಪೆ ಉಂಟಲ್ಲ ಇದು" ಅಂದಳು. ಮುಂಬೈಗೆ ಬಂದು ಮೂರು ವರ್ಷವಾಗಿತ್ತು, ಅವಳು ಯಾವುದೇ ಜಾಗವನ್ನು ಹೀಗೆ ಮೆಚ್ಚಿಕೊಂಡದ್ದು ನಾನು ಕಂಡಿರಲಿಲ್ಲ.

ಬೋಟು ಹೊರಟ ಮೇಲೆ ಎಡಕ್ಕೆ ಎಲಿಫೆಂಟಾ, ಬಲಕ್ಕೆ ನೌಕಾಪಡೆಯ ಬೂದು ಹಡಗುಗಳು, ಅದರಾಚೆ ಗೇಟ್‌ವೇ ಮಂಜಿನಲ್ಲಿ ಬೆಂಕಿಪೆಟ್ಟಿಗೆಯ ಹಾಗೆ. ಚಳಿಗಾಲಕ್ಕೆ ಬರುವ ಕಡಲಕ್ಕಿಗಳು ಬೋಟಿನ ಹಿಂದೆ ಗುಂಪು ಕಟ್ಟಿ ಹಾರುತ್ತಿದ್ದವು, ಜನ ಗಾಠಿಯಾ ಎಸೆಯುತ್ತಿದ್ದರು. ಎಲ್ಲೋ ಮಧ್ಯ ಏಷ್ಯಾದಿಂದ ಇಷ್ಟು ದೂರ ಹಾರಿ ಬಂದು ಕಡಲೆಹಿಟ್ಟು ತಿನ್ನುವ ಹಣೆಬರಹ. ನಮ್ಮ ನಾಲ್ಕು ವರ್ಷದ ಮಗ ತನ್ನ ಇಡ್ಲಿಯನ್ನು ಎಸೆದ. ಇಡ್ಲಿಯನ್ನು ಯಾವ ಹಕ್ಕಿಯೂ ಹಿಡಿಯಲಿಲ್ಲ. ಅಮ್ಮನಿಗೆ ಸ್ವಲ್ಪ ಬೇಜಾರಾಯಿತು ಅಂತ ಕಾಣುತ್ತದೆ.

ಬಂದರಿನ ಬಾಯಿಯ ಕಡೆ ನೀರಿನ ನಡುವೆ ಒಂದು ಗೋಪುರ ಒಂಟಿಯಾಗಿ ನಿಂತಿತ್ತು, ಸಂಕ್ ರಾಕ್ ಲೈಟ್‌ಹೌಸ್. ಸುತ್ತ ನೆಲವೇ ಇಲ್ಲ. ಹೆಸರೇ ಹೇಳುವ ಹಾಗೆ ಮುಳುಗಿದ ಬಂಡೆಯ ಮೇಲೆ ಕಟ್ಟಿದ್ದು. "ಅದರೊಳಗೆ ಯಾರು ಮಲಗ್ತಾರೆ?" ಅಂತ ಮಗ ಕೇಳಿದ. ಅದು ಎಚ್ಚರ ಇರುವ ಮನೆ, ಮಲಗಲಿಕ್ಕಲ್ಲ ಅಂದಳು ಅಜ್ಜಿ. ಅವನು ಅದನ್ನು ಪೂರ್ತಿ ನಂಬಿದ.

ಹತ್ತು ಗಂಟೆಗೆ ಅಲಿಬಾಗ್ ಬೀಚ್. ಬೀಚನ್ನು ಹೊಗಳಲಿಕ್ಕೆ ನನ್ನಿಂದಾಗುವುದಿಲ್ಲ. ಕಪ್ಪು ಗಟ್ಟಿ ಮರಳು, ಅದರ ಮೇಲೆ ಕುದುರೆ, ಒಂಟೆ, ಭರ್ರ್ ಅನ್ನುವ ನಾಲ್ಕು ಚಕ್ರದ ಬೈಕು. ಆದರೆ ಎದುರಿಗೆ ಸಮುದ್ರ ಇರಬೇಕಾದ ಕಡೆ ಸಮುದ್ರ ಇರಲಿಲ್ಲ. ಒಂದೆರಡು ಕಿಲೋಮೀಟರ್ ಆಚೆ ಕುಲಾಬಾ ಕೋಟೆ, ಅಲ್ಲಿಯ ತನಕ ಒದ್ದೆ ಮರಳು, ಕಲ್ಲು, ಅಲ್ಲಲ್ಲಿ ಪಾದ ಮುಳುಗುವಷ್ಟು ನೀರು. ಜನ ಪ್ಯಾಂಟು ಮಡಚಿಕೊಂಡು ಜಾತ್ರೆಗೆ ಹೋಗುವ ಹಾಗೆ ಸಾಲಾಗಿ ಹೊರಟಿದ್ದರು.

"ಎಂತ ಮಾರಾಯ್ತಿ ಇದು, ಕಡಲು ಬತ್ತಿ ಹೋಗಿದೆಯಾ?" ಅಂದಳು ಅಮ್ಮ.

"ಅಲ್ಲ, ಇಷ್ಟು ನೀರು ಎಲ್ಲಿಗೆ ಹೋತು?" ಅಂದರು ಗಂಡ.

ಕಡಲ ದಂಡೆಯಲ್ಲೇ ಎಪ್ಪತ್ತು ವರ್ಷ ಕಳೆದವಳೂ, ಇಪ್ಪತ್ತೆರಡು ವರ್ಷದ ತನಕ ಕಡಲನ್ನೇ ನೋಡದಿದ್ದವರೂ ಒಂದೇ ಪ್ರಶ್ನೆ ಕೇಳಿದ್ದು ನನಗೆ ಮಜಾ ಅನ್ನಿಸಿತು. ಅಮ್ಮನ ಆಶ್ಚರ್ಯಕ್ಕೆ ಕಾರಣವಿದೆ. ನಮ್ಮ ಉಡುಪಿ, ಮಂಗಳೂರು ಕಡೆ ಭರತ ಇಳಿತದ ನಡುವಿನ ವ್ಯತ್ಯಾಸ ಹೆಚ್ಚೆಂದರೆ ಒಂದೂವರೆ ಮೀಟರಿನ ಆಸುಪಾಸು. ಮುಂಬೈ ಸುತ್ತ ಅಮಾವಾಸ್ಯೆ ಹುಣ್ಣಿಮೆಗೆ 4-5 ಮೀಟರ್ ತನಕ ಹೋಗುತ್ತದೆ. ಪಶ್ಚಿಮ ಕರಾವಳಿಯಲ್ಲಿ ಉತ್ತರಕ್ಕೆ ಹೋದಷ್ಟೂ ಇದು ಹೆಚ್ಚುತ್ತದೆ, ಗುಜರಾತಿನ ಖಂಭಾತ್ ಕೊಲ್ಲಿಯಲ್ಲಂತೂ ಇನ್ನೂ ಎಷ್ಟೋ ಜಾಸ್ತಿ. ಅದೇ ಅರಬ್ಬಿ ಸಮುದ್ರ, ಆದರೆ ನಮ್ಮೂರಲ್ಲಿ ಒಂದು ಹೆಜ್ಜೆ ಹಿಂದೆ ಸರಿಯುವಂಥದ್ದು ಇಲ್ಲಿ ಮನೆಯನ್ನೇ ಖಾಲಿ ಮಾಡಿ ಹೊರಡುತ್ತದೆ.

ಅಮ್ಮನನ್ನು ಟಾಂಗಾದಲ್ಲಿ ಕೂರಿಸಿದೆವು. ನೀರಲ್ಲಿ ಹೋಗಲೆಂದೇ ಅದರ ಚಕ್ರ ಎತ್ತರ. ನಾವು ನಡೆದೆವು. ಮಗನ ಕಾಲಿಗೆ ಹೊಸ ನೀಲಿ ಚಪ್ಪಲಿ, ಅದರ ಮೇಲೆ ಒಂದು ಆನೆ. ಮರಳಲ್ಲಿ ಸಣ್ಣ ಏಡಿಗಳು ಉಂಡೆ ಉಂಡೆ ಮಾಡಿಟ್ಟ ಚಿತ್ತಾರ. ಮಕ್ಕಳಿಬ್ಬರೂ ಪ್ರತಿ ಏಡಿಯ ಮನೆಯ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಿದ್ದರು. ಇಳಿತದ ಲೆಕ್ಕ ಹಾಕಿದ್ದೆವು, ಏಡಿಯ ಲೆಕ್ಕ ಹಾಕಿರಲಿಲ್ಲ.

ಕೋಟೆಯ ಕೆಲಸ ಶಿವಾಜಿಯ ಕೊನೆಯ ದಿನಗಳಲ್ಲಿ, 1680ರಲ್ಲಿ ಶುರುವಾಗಿ ಸಂಭಾಜಿಯ ಕಾಲಕ್ಕೆ ಮುಗಿಯಿತು. ಆಮೇಲೆ ಮರಾಠಾ ನೌಕಾಪಡೆಯ ಸರದಾರ ಕಾನ್ಹೋಜಿ ಆಂಗ್ರೆಯ ಕೈಯಲ್ಲಿ ಇದು ಆ ಪಡೆಯ ಮನೆ. 1721ರಲ್ಲಿ ಇಂಗ್ಲಿಷರೂ ಪೋರ್ಚುಗೀಸರೂ ಕೂಡಿ ದಾಳಿ ಮಾಡಿ ಬರಿಗೈಯಲ್ಲಿ ಹೋದರು. ಹೊರಗೋಡೆಯ ದೊಡ್ಡ ದೊಡ್ಡ ಕಲ್ಲುಗಳ ನಡುವೆ ಗಾರೆ ಇಲ್ಲ, ಸುಮ್ನೆ ಒಂದರ ಮೇಲೊಂದು ಕೂರಿಸಿದ್ದು. ಅಲೆ ಬಡಿದಾಗ ನೀರು ಸಂದಿಯಲ್ಲಿ ಹೊಕ್ಕು ಸುಸ್ತಾಗಿ ಹೊರಬರುತ್ತದೆ, ಗೋಡೆಗೆ ಪೆಟ್ಟು ಕಡಿಮೆ. ಒಳಗೆ ಗಣಪತಿ ಗುಡಿ, ರಘೋಜಿ ಆಂಗ್ರೆ 1759ರಲ್ಲಿ ಕಟ್ಟಿಸಿದ್ದು. ಸಂಕಷ್ಟಿಯ ಮರುದಿನ ಗರಿಕೆಯ ರಾಶಿ ಇನ್ನೂ ಹಾಗೇ ಇತ್ತು. ಅಮ್ಮ ಅಲ್ಲೇ ಕೂತುಬಿಟ್ಟಳು. ಸುತ್ತ ಉಪ್ಪುನೀರು, ನಡುವೆ ಸಿಹಿನೀರಿನ ಕೊಳ, ಅವಳಿಗೆ ಅದು ಗಣಪತಿಯದೇ ಕೆಲಸ. ಗಂಡ ಮಳೆನೀರು, ಕಲ್ಲು, ಇಂಗುವಿಕೆ ಅಂತೇನೋ ಶುರು ಮಾಡಿದರು. ನಾನು ಕಣ್ಣು ಬಿಟ್ಟೆ, ಸುಮ್ಮನಾದರು.

ಉತ್ತರದ ಗೋಡೆಯ ಮೇಲೆ ಚಕ್ರದ ಗಾಡಿಯಲ್ಲಿ ಎರಡು ತೋಪು. ಮಗಳು ಅದರ ಮೇಲಿನ ಇಂಗ್ಲಿಷ್ ಅಕ್ಷರ ಕೂಡಿಸಿ ಓದಿದಳು: ಲೋ ಮೂರ್, ಯಾರ್ಕ್‌ಶೈರ್. ಇಂಗ್ಲೆಂಡಿನ ಕಬ್ಬಿಣದ ಕಾರ್ಖಾನೆಯ ಹೆಸರು. ಯಾರ ವಿರುದ್ಧ ಕೋಟೆ ಕಟ್ಟಿದರೋ ಅವರದೇ ಊರಿನ ತೋಪು ಕೊನೆಗೆ ಗೋಡೆ ಮೇಲೆ. ಅವಳಿಗೆ ಇದರ ವ್ಯಂಗ್ಯ ಬೇಕಿರಲಿಲ್ಲ, ತೋಪಿನ ಬಾಯಿಗೆ ಕಿವಿ ಇಟ್ಟರೆ ಸಮುದ್ರ ಕೇಳುತ್ತದೆ ಅನ್ನುವುದು ಬೇಕಿತ್ತು. ಕೇಳುತ್ತದೆ, ನಾನೂ ಇಟ್ಟು ನೋಡಿದೆ.

ಗೋಡೆಯ ಮೇಲಿಂದ ವಾಯವ್ಯಕ್ಕೆ ದೂರದಲ್ಲಿ ಖಾಂದೇರಿ ದ್ವೀಪ. ಅದರ ಮೇಲೂ ಒಂದು ಲೈಟ್‌ಹೌಸ್, 1867ರದ್ದು, ಈಗ ಕಾನ್ಹೋಜಿ ಆಂಗ್ರೆಯ ಹೆಸರಿನಲ್ಲಿದೆ. 2025ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಹನ್ನೆರಡು ಮರಾಠಾ ಕೋಟೆಗಳಲ್ಲಿ ಖಾಂದೇರಿಯೂ ಒಂದು. "ನನಗೆ ಕಾಣ್ತಿಲ್ಲ" ಅಂತ ಮಗ ಕಿರುಚಿದ. ಗೋಡೆ ಅವನ ಕಣ್ಣಿಗೆ ಅಡ್ಡ. ಗಂಡ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡರು. ಆಮೇಲೆ ಅವರಿಗೆ ತಡೆಯಲಾಗಲಿಲ್ಲ, ಲೆಕ್ಕ ಹೇಳಿಯೇ ಬಿಟ್ಟರು. ಕಣ್ಣಿನ ಎತ್ತರ ಮೀಟರಿನಲ್ಲಿ ಎಷ್ಟೋ ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ, ಸಮುದ್ರದಂಡೆಯಲ್ಲಿ ನಿಂತವರಿಗೆ ಎಷ್ಟು ಕಿಲೋಮೀಟರ್ ದೂರ ಕಾಣುತ್ತದೆ ಅಂತ ಸಿಗುತ್ತದೆ. ಅಂದರೆ ಮರಳಲ್ಲಿ ನಿಂತ ನಮ್ಮ ಮಗನಿಗೆ ಮೂರೂವರೆ ಕಿಲೋಮೀಟರ್. ಅಪ್ಪನ ಹೆಗಲ ಮೇಲೆ ಐದು. ಕಾಪು ಲೈಟ್‌ಹೌಸಿನ ತುದಿಗೆ ಹದಿನೆಂಟರ ಮೇಲೆ.

"ಒಂದೂವರೆ ಕಿಲೋಮೀಟರ್ ಸಮುದ್ರ ಜಾಸ್ತಿ ತೋರಿಸಿದೆ ನೋಡು" ಅಂದರು. ಮದುವೆಯಾಗಿ ಹತ್ತು ವರ್ಷದಲ್ಲಿ ಅವರು ಹೇಳಿದ ಲೆಕ್ಕಗಳಲ್ಲಿ ನನಗೆ ಇಷ್ಟವಾದದ್ದು ಇದೊಂದೇ.

ತಡ ಮಾಡಿದೆವು. ಏಡಿಯದ್ದೋ, ಗಣಪತಿಯದ್ದೋ, ವರ್ಗಮೂಲದ್ದೋ ತಪ್ಪು. ಹನ್ನೊಂದೂವರೆಗೆ ಕೋಟೆಯಿಂದ ಇಳಿದಾಗ ಪಾದದಷ್ಟಿದ್ದ ನೀರು ಮೊಣಕಾಲಿಗೆ ಬಂದಿತ್ತು. ಭರತ ಬರುವಾಗ ಅಲೆಯ ಅಬ್ಬರ ಇರುವುದಿಲ್ಲ, ಸದ್ದಿಲ್ಲದೆ ಬದಿಯಿಂದ ಬರುತ್ತದೆ, ಹಿಂದಿರುಗಿ ನೋಡಿದರೆ ನೀವು ನಿಂತಿದ್ದ ಕಲ್ಲು ಇಲ್ಲ. ಅಮ್ಮನ ಟಾಂಗಾ ಮುಂದೆ ಹೋಗಿತ್ತು. ಮಗಳನ್ನು ನಾನು ಎತ್ತಿಕೊಂಡೆ, ಮಗ ಅಪ್ಪನ ಹೆಗಲಲ್ಲಿ. ಅಪಾಯ ಅನ್ನುವಂಥದ್ದೇನೂ ಇರಲಿಲ್ಲ, ಸುತ್ತ ಇನ್ನೂ ಜನ ಇದ್ದರು, ಆದರೂ ಇಪ್ಪತ್ತೆರಡು ಕೇಜಿಯ ಹುಡುಗಿಯನ್ನು ಹೊತ್ತು ನೀರಲ್ಲಿ ಕಾಲು ತಡಕಾಡುತ್ತ ನಡೆದಾಗ ನನ್ನ ಎದೆ ಹೊಡೆದುಕೊಂಡದ್ದು ನಿಜ. ನೀವು ಹೋಗುವುದಾದರೆ ಇಳಿತದ ಹೊತ್ತಿಗಿಂತ ಒಂದು ಗಂಟೆ ಮೊದಲೇ ನಡೆಯಲು ಶುರು ಮಾಡಿ, ಕೋಟೆಯಲ್ಲಿ ಕೂರಬೇಡಿ.

ದಂಡೆ ಇನ್ನೇನು ಬಂತು ಅನ್ನುವಾಗ ಮಗ ಚೀರಿದ. ಎಡಗಾಲಿನ ಚಪ್ಪಲಿ ನೀರಿಗೆ ಬಿದ್ದಿತ್ತು. ಆನೆ ಮೇಲೆ ಮಾಡಿಕೊಂಡು ಎರಡು ಸಲ ತಿರುಗಿ, ನಮ್ಮ ಕೈಗೆ ಸಿಗುವಷ್ಟು ಹತ್ತಿರ ಬಂದು, ಹೋಗಿಬಿಟ್ಟಿತು.

"ಅಜ್ಜೀ, ಮಾಝಿ ಚಪ್ಪಲ್!"

"ಹೋಗ್ಲಿ ಮಗಾ. ಕಡಲು ತಕ್ಕೊಂಡದ್ದನ್ನು ಇಟ್ಕೊಳ್ಳುದಿಲ್ಲ. ಎಲ್ಲಿಯಾದ್ರೂ ವಾಪಸ್ ಹಾಕ್ತದೆ."

ಅಮ್ಮ ಇದನ್ನು ಸಮಾಧಾನಕ್ಕೆ ಹೇಳಿದ್ದಲ್ಲ. ಬಲೆ, ತೊಲೆ, ಹುಟ್ಟು, ದಂಡೆಗೆ ಬಂದು ಬಿದ್ದ ಎಷ್ಟೋ ಸಾಮಾನು ಅವಳು ಕಣ್ಣಾರೆ ಕಂಡವಳು. ನಮ್ಮಜ್ಜ ದೋಣಿಯಲ್ಲಿ ಹೋಗುತ್ತಿದ್ದವನು. ಮಗ ಈ ಮಾತನ್ನೂ ಪೂರ್ತಿ ನಂಬಿದ. ಇನ್ನೊಂದು ಚಪ್ಪಲಿ ತೆಗೆಯಲು ಒಪ್ಪಲಿಲ್ಲ, ಹೊಸದು ಕೊಡಿಸುತ್ತೇನೆಂದರೂ ಬೇಡ. ದಿನವಿಡೀ ಒಂದು ಕಾಲಲ್ಲಿ ಆನೆ, ಇನ್ನೊಂದು ಕಾಲು ಬರಿಗಾಲು.

ಬೀಚಿನ ಹತ್ತಿರವೇ ಅಲಿಬಾಗಿನ ಭೂಕಾಂತ ವೀಕ್ಷಣಾಲಯ. ಒಳಗೆ ಹೋಗಲಿಲ್ಲ, ಆದರೆ ಅದರ ಕಥೆ ನನಗೆ ಇಷ್ಟ. ಭೂಮಿಯ ಕಾಂತಶಕ್ತಿಯನ್ನು ಅಳೆಯುವ ಕೆಲಸ ಮೊದಲು ಮುಂಬೈಯ ಕೊಲಾಬಾದಲ್ಲಿ 1841ರಿಂದ ನಡೆದಿತ್ತು. ಊರಿಗೆ ವಿದ್ಯುತ್ ಟ್ರಾಮ್ ಬರುತ್ತದೆ, ಅದರ ಕರೆಂಟಿನಿಂದ ಸೂಜಿ ಅಲುಗಾಡುತ್ತದೆ ಅಂತ ಮುಂದಾಗಿ ಯೋಚಿಸಿ 1904ರಲ್ಲಿ ಇಲ್ಲಿಗೆ ಸಾಗಿಸಿದರು. ಕಾಂತಕ್ಕೆ ಅಂಟುವ ಸಾಮಾನು ಬಳಸದೆ ಕಟ್ಟಿದ ಕಟ್ಟಡ. ಮುಂಬೈಯ ಗಲಾಟೆ ತಾಳದೆ ಅಲಿಬಾಗಿಗೆ ಓಡಿಬಂದವರಲ್ಲಿ ಮೊದಲನೆಯದು ಒಂದು ಸೂಜಿ!

ಊಟ ಚೌಲ್ ಹತ್ತಿರ, ಮನೆಯಂಥ ಒಂದು ಖಾನಾವಳಿಯಲ್ಲಿ. ಅಕ್ಕಿರೊಟ್ಟಿ, ಬಂಗುಡೆ, ಸೋಲ್ಕಢಿ. ಅಮ್ಮ ಬಂಗುಡೆಗೆ ಹತ್ತಕ್ಕೆ ಆರು ಕೊಟ್ಟಳು, ನಮ್ಮ ಪುಳಿಮುಂಚಿಯ ಹುಳಿ ಇದಕ್ಕಿಲ್ಲ ಅಂತ. ಸೋಲ್ಕಢಿ ಮಾತ್ರ ಎರಡು ಲೋಟ ಕುಡಿದಳು. ದಾರಿಬದಿಯಲ್ಲಿ ಅಲಿಬಾಗಿನ ಬಿಳಿ ಈರುಳ್ಳಿಯನ್ನು ಜಡೆ ಹೆಣೆದು ತೂಗುಹಾಕಿದ್ದರು. ಗಂಡ ಒಂದನ್ನು ಮೂಸಿ, ತಿರುಗಿಸಿ, "ಉಳ್ಳಾಗಡ್ಡಿ ಅಂದ್ರ ಖಾರ ಇರಬೇಕು, ಇದು ಹಣ್ಣಾಗೇತಿ" ಅಂದು ಎರಡು ಜಡೆ ತಗೊಂಡರು.

ಕೊರ್ಲಾಯಿಗೆ ಮುಟ್ಟಿದಾಗ ಮೂರು ಗಂಟೆ. ಹೊಳೆಯೂ ಸಮುದ್ರವೂ ಸೇರುವಲ್ಲಿ ಒಂದು ಉದ್ದ ಗುಡ್ಡ, ಅದರ ನೆತ್ತಿಯ ಮೇಲೆ ಪೋರ್ಚುಗೀಸ್ ಕೋಟೆ, ಬುಡದಲ್ಲಿ ಮೀನುಗಾರರ ಊರು. ರಸ್ತೆ ಎಷ್ಟು ಸಪೂರ ಅಂದರೆ ಎದುರಿಂದ ಸ್ಕೂಟರ್ ಬಂದರೂ ಯಾರಾದರೊಬ್ಬರು ಹಿಂದೆ ಹೋಗಬೇಕು. ಅಂಗಳದಲ್ಲಿ ಒಣಮೀನು, ಬಲೆ, ಮೌಂಟ್ ಕಾರ್ಮೆಲ್ ಮಾತೆಯ ಚರ್ಚು. ಕಾರು ನಿಲ್ಲಿಸಿ ದಾರಿ ಬಿಡುತ್ತಿದ್ದಾಗ ಇಬ್ಬರು ಹೆಂಗಸರು ಕಟ್ಟೆಯ ಮೇಲೆ ಮಾತಾಡುತ್ತ ಕೂತಿದ್ದರು. ಮಗಳು ಕಿವಿಗೊಟ್ಟಳು. "ಅಮ್ಮಾ, ಇದು ಮರಾಠಿ ಅಲ್ಲ."

ಅಲ್ಲ, ಹೌದು. ಈ ಊರಿನ ಕ್ರಿಶ್ಚಿಯನ್ನರು ಮನೆಯಲ್ಲಿ ಪೋರ್ಚುಗೀಸ್ ಬೇರಿನ ಒಂದು ಮಾತಾಡುತ್ತಾರೆ. ಮರಾಠಿಯೊಂದಿಗೆ ಕೂಡಿ ಬೇರೆಯೇ ಆದ ಭಾಷೆ ಅದು. ಅವರು ಅದನ್ನು ಕರೆಯುವುದು ನೌ ಲಿಂಗ್, ಅಂದರೆ ನಮ್ಮ ಭಾಷೆ. ಪೋರ್ಚುಗೀಸರು ಈ ಚೌಲ್ ಪ್ರದೇಶ ಬಿಟ್ಟು ಹೋದದ್ದು 1740ರಲ್ಲಿ. ಹಡಗು ಹೋಗಿ 280 ವರ್ಷ ದಾಟಿತು, ಮಾತು ಇಲ್ಲೇ ಉಳಿಯಿತು, ಸುಮಾರು ಸಾವಿರ ಜನರ ಬಾಯಲ್ಲಿ. ಹೊರಗೆ ಮರಾಠಿ, ಒಳಗೆ ಇದು.

"ನಾವು ಕನ್ನಡ ಮಾತಾಡೋ ಹಾಗಾ?" ಅಂತ ಮಗಳು ಕೇಳಿದಳು.

ಹಾಗೇ ಅಂದೆ. ಅಷ್ಟರಲ್ಲಿ ಅವಳು ತಮ್ಮನ ಹತ್ತಿರ ಮರಾಠಿಯಲ್ಲಿ ಕಿಟಕಿಯ ಜಾಗಕ್ಕೆ ಜಗಳ ಶುರು ಮಾಡಿಯಾಗಿತ್ತು. ನಮ್ಮ ಮನೆಯ ಲೆಕ್ಕ ಸ್ವಲ್ಪ ಕಷ್ಟದ್ದು. ಅಮ್ಮನದು ತುಳು, ನನ್ನದು ಗಂಡನದು ಎರಡು ಬೇರೆ ಬೇರೆ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಕೆಳಗೆ ಆಟಕ್ಕೆ ಮರಾಠಿ, ಹಿಂದಿ. 280 ವರ್ಷ ಬೇಡ, ಮುಂದಿನ ಜೂನಿಗೆ ಏನು ಉಳಿದಿರುತ್ತದೆ ಅಂತ ನಾನು ಕೆಲವು ಸಲ ಎಣಿಸುತ್ತೇನೆ.

ಊರು ದಾಟಿ ಗುಡ್ಡದ ಮಗ್ಗುಲಲ್ಲಿ ತಿರುಗಿದರೆ ಲೈಟ್‌ಹೌಸ್. ಮಗಳು ಕಾರಿಂದ ಇಳಿದು ನಿಂತಳು. ಮೇಲೆ ನೋಡಿದಳು. ಮೇಲೆ ಏನೂ ಇರಲಿಲ್ಲ.

"ಇದು ಲೈಟ್‌ಹೌಸ್ ಅಲ್ಲ. ಮನೆ."

ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸಿತು. ಕಾಪುವಿನ ಹಾಗೆ ಕುತ್ತಿಗೆ ನೋಯುವಂಥದ್ದನ್ನು ಕಾಯುತ್ತಿದ್ದೆ. ಇದು 1955ರ ಕಟ್ಟಡ, ಕುಳ್ಳಗೆ, ಮೇಲೆ ಗಾಜಿನ ಕೋಣೆಯ ಒಂದು ಟೋಪಿ, ಅಷ್ಟೆ. ನೋಡಿಕೊಳ್ಳುವವರು ಇವಳ ಮುಖ ಕಂಡು ನಕ್ಕರು. ದಿನಕ್ಕೆ ಎಷ್ಟು ಮಕ್ಕಳ ಇಂಥ ಮುಖ ಕಾಣುತ್ತಾರೋ. ಮರಾಠಿಯಲ್ಲಿ ಹೇಳಿದರು: ಗುಡ್ಡವೇ ಎತ್ತರ ಕೊಟ್ಟಿದೆ ಬಾಳಾ, ಕಂಬ ಯಾಕೆ ಬೇಕು? ಬೆಳಕು ಎಷ್ಟು ಎತ್ತರದಲ್ಲಿದೆ ಅನ್ನುವುದು ಮುಖ್ಯ, ಕಟ್ಟಡ ಎಷ್ಟುದ್ದ ಅನ್ನುವುದಲ್ಲ.

ಮಗಳು ಸ್ವಲ್ಪ ಹೊತ್ತು ಯೋಚಿಸಿದಳು. "ಅಂದ್ರೆ ಇದು ಅಪ್ಪನ ಹೆಗಲ ಮೇಲೆ ಕೂತಿದೆ."

ಗಂಡ ಆ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು. ಉಪ್ಪುಗಾಳಿಗೆ ಗಾಜು ಮಂಜಾಗುತ್ತದೆ, ಸರಿಯೇ.

ಮೇಲೆ ದೀಪದ ಕೋಣೆಗೆ ಕರೆದುಕೊಂಡು ಹೋದರು. ಹಗಲಲ್ಲಿ ಸುತ್ತ ಪರದೆ. ಯಾಕೆ ಗೊತ್ತಾ? ಒಳಗಿನ ಬೆಳಕನ್ನು ಹೊರಗೆ ದೂರಕ್ಕೆ ಕಳಿಸುವ ಗಾಜು, ಹಗಲಲ್ಲಿ ಹೊರಗಿನ ಬಿಸಿಲನ್ನು ಒಳಗೆ ಒಂದೇ ಕಡೆ ಸೇರಿಸಿ ಸುಟ್ಟುಬಿಡಬಹುದು. ಸಣ್ಣವರಿದ್ದಾಗ ಭೂತಗನ್ನಡಿಯಿಂದ ಕಾಗದ ಸುಡುತ್ತಿದ್ದೆವಲ್ಲ, ಅದೇ. ಪರದೆ ಸರಿಸಿ ತೋರಿಸಿದರು. ಉಂಗುರ ಉಂಗುರವಾಗಿ ಜೋಡಿಸಿದ ಪಟ್ಟಕಗಳು. ಫ್ರಾನ್ಸಿನ ಫ್ರೆನೆಲ್ ಎಂಬವನು ಎರಡು ನೂರು ವರ್ಷದ ಹಿಂದೆ ಕಂಡುಹಿಡಿದ ಉಪಾಯ ಇದು. ಬಲ್ಬಿನ ಬೆಳಕು ಮೇಲೆ ಕೆಳಗೆ ಚೆಲ್ಲಿ ಹಾಳಾಗದ ಹಾಗೆ ಎಲ್ಲವನ್ನೂ ಬಗ್ಗಿಸಿ ಒಂದೇ ಕಡೆಗೆ ಕಳಿಸುತ್ತದೆ. ನಡುವೆ ಬಲ್ಬು ನೋಡಿದರೆ ಅಂಗೈಯಲ್ಲಿ ಅಡಗುವಷ್ಟು. ಮಗಳಿಗೆ ಎರಡನೇ ಸಲ ನಿರಾಸೆ. ಪಟ್ಟೆ ಯಾಕಿಲ್ಲ ಅಂತಲೂ ಕೇಳಿದಳು. ಹಗಲಲ್ಲಿ ಹಡಗಿನವರಿಗೆ ಇದು ಯಾವ ಲೈಟ್‌ಹೌಸ್ ಅಂತ ಗುರುತು ಸಿಗಲಿಕ್ಕೆ ಬಣ್ಣ, ರಾತ್ರಿ ಗುರುತಿಗೆ ಮಿಂಚುವ ಲಯ. ಒಂದರ ಲಯ ಹತ್ತಿರದ ಇನ್ನೊಂದಕ್ಕೆ ಇರುವುದಿಲ್ಲ. ಈಗ ಹಡಗಿನಲ್ಲಿ ಜಿಪಿಎಸ್ ಇದೆ, ಆದರೂ ಯಂತ್ರ ಕೈಕೊಟ್ಟರೆ ಕಣ್ಣೇ ಗತಿ ಅಂದರು.

ಅಮ್ಮ ಇದನ್ನೆಲ್ಲ ಕೇಳುತ್ತ ನಿಂತಿದ್ದವಳು, ನನಗೆ ಮಾತ್ರ ಕೇಳುವ ಹಾಗೆ ಹೇಳಿದಳು. ಅಜ್ಜ ದೋಣಿಯಲ್ಲಿ ಹೋದ ರಾತ್ರಿ ಅಜ್ಜಿ ಜಗಲಿಯಲ್ಲಿ ಕೂತು ಲೈಟ್‌ಹೌಸ್ ನೋಡುತ್ತಿದ್ದಳಂತೆ. ದೋಣಿ ಕಾಣುವುದಿಲ್ಲ, ಕತ್ತಲೆ. ಆದರೆ ತಾನು ನೋಡುವ ಬೆಳಕನ್ನೇ ಅವನೂ ಆಚೆಯಿಂದ ನೋಡುತ್ತಿರುತ್ತಾನೆ ಅಂತ. ನಲವತ್ತು ವರ್ಷ ನಾನು ಅಮ್ಮನ ಮಗಳಾಗಿದ್ದೇನೆ, ಈ ಮಾತು ಒಂದು ದಿನವೂ ಬಂದಿರಲಿಲ್ಲ. ಅದನ್ನು ಹೊರಗೆ ತರಲಿಕ್ಕೆ ಇನ್ನೊಬ್ಬರ ಊರಿನ ಲೈಟ್‌ಹೌಸ್ ಬೇಕಾಯಿತು.

ಮಗ ಮಾತ್ರ ಏನನ್ನೂ ಕೇಳುತ್ತಿರಲಿಲ್ಲ. ಕಟಕಟೆಗೆ ಮುಖ ಒತ್ತಿಕೊಂಡು ಸಮುದ್ರ ನೋಡುತ್ತಿದ್ದ. ಭರತ ತುಂಬಿತ್ತು, ಕೆಳಗೆ ಬಂಡೆಗೆ ನೀರು ಬಡಿಯುತ್ತಿತ್ತು. ಏನು ಮಾಡ್ತಿದ್ದೀಯ ಅಂದರೆ, "ಚಪ್ಪಲಿ ಹುಡುಕ್ತಿದ್ದೀನಿ" ಅಂದ. ಇಷ್ಟು ಮೇಲೆ ಹತ್ತಿದರೆ ದೂರ ಕಾಣುತ್ತದೆ ಅಂತ ಅಪ್ಪನೇ ಹೇಳಿದ್ದರಲ್ಲ. ನೋಡಿಕೊಳ್ಳುವವರಿಗೆ ವಿಷಯ ತಿಳಿಸಿದೆ. ಅವರು ಬಹಳ ಗಂಭೀರವಾಗಿ ಚಪ್ಪಲಿಯ ಬಣ್ಣ ಕೇಳಿದರು, ಆನೆ ಯಾವ ಕಡೆ ಮುಖ ಮಾಡಿದೆ ಅಂತಲೂ ಕೇಳಿದರು. ಕಂಡರೆ ಇಟ್ಟಿರುತ್ತೇನೆ ಅಂದರು.

ಹಿಂಬದಿಯಿಂದ ಕೋಟೆಗೆ ಮೆಟ್ಟಿಲಿವೆ. 1521ರಲ್ಲಿ ಅಹಮದ್‌ನಗರದ ಸುಲ್ತಾನನ ಅನುಮತಿಯಿಂದ ಪೋರ್ಚುಗೀಸರು ಇಲ್ಲಿ ಕಟ್ಟಲು ಶುರು ಮಾಡಿದ್ದಂತೆ. ಒಂದು ಚಪ್ಪಲಿಯ ಹುಡುಗನನ್ನು ಹೊತ್ತು ಹತ್ತುವ ಉತ್ಸಾಹ ಯಾರಿಗೂ ಇರಲಿಲ್ಲ.

ಮಾಂಡವಾದಿಂದ ಬೋಟು ಬಿಡುವ ಹೊತ್ತಿಗೆ ಸೂರ್ಯ ಮುಳುಗಿದ್ದ. ಪಂಚಮಿಯ ಚಂದ್ರನಿಗೆ ಇನ್ನೂ ಮೂರು ಗಂಟೆ ಇತ್ತು, ಹಾಗಾಗಿ ನೀರು ಬೇಗ ಕಪ್ಪಾಯಿತು. ಎದುರಿಗೆ ಮುಂಬೈ ಒಂದು ಉದ್ದ ದೀಪಾವಳಿ. ಎಡಕ್ಕೆ, ಬೆಳಿಗ್ಗೆ ಕಂಡ ಕಡೆಯೇ, ನೀರಿನ ನಡುವೆ ಒಂದು ಬೆಳಕು ಮಿಂಚಿ ಹೋಯಿತು. ಮಗಳು ಎದ್ದು ನಿಂತಳು. "ಎಣಿಸೋಣ!" ಅಂದಳು. ನಾನು ಅವಳಿಗೆ ಹೇಳಿದ್ದ ಕಥೆ ಅದು, ಕರೆಂಟು ಹೋದ ರಾತ್ರಿಯದ್ದು.

ಅವಳು ಮರಾಠಿಯಲ್ಲಿ ಎಣಿಸಿದಳು. ಅಪ್ಪ ಗಡಿಯಾರ ನೋಡಿಕೊಂಡು ಮನಸ್ಸಲ್ಲೇ. ಅಮ್ಮ ತುಳುವಿನಲ್ಲಿ, ಒಂಜಿ, ರಡ್ಡ್, ಮೂಜಿ, ಅವಸರವಿಲ್ಲದೆ, ಅಕ್ಕಿ ಅಳೆದ ಹಾಗೆ. ಒಬ್ಬೊಬ್ಬರದೂ ಒಂದೊಂದು ಸಂಖ್ಯೆ ಬಂತು, ಯಾರದು ಸರಿ ಅಂತ ಜಗಳವಾಯಿತು. ಇನ್ನೊಮ್ಮೆ ಎಣಿಸಿದೆವು. ಇನ್ನೊಮ್ಮೆ ಜಗಳ.

ಮಗ ನನ್ನ ತೊಡೆಯ ಮೇಲಿದ್ದ, ಉಳಿದ ಚಪ್ಪಲಿಯನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು. "ಅದು ಹುಡುಕ್ತಾ ಇದೆಯಾ?" ಅಂತ ಕೇಳಿದ. ಹೂಂ ಅಂದೆ. ಅವನೂ ಎಣಿಸಲು ಶುರು ಮಾಡಿದ. ಒಂದು, ದೋನ್, ಮೂಜಿ. ನಾಲ್ಕಕ್ಕೆ ಬರುವ ಮೊದಲೇ ನಿದ್ದೆ ಹೋದ.